ಮೊದಲು ಮೋಟಾರ್‌ಗೆ ನಂಬರ್, ಆಮೇಲೆ ಆ್ಯಪ್

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮದು ಮೋಟಾರ್ ರಿವೈಂಡಿಂಗ್ ಶಾಪ್, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುತ್ತೇವೆ. ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟಾರೇ ಜಾಸ್ತಿ. ಮಾನೋಬ್ಲಾಕ್ (ಪಂಪ್, ಮೋಟಾರ್ ಒಂದಾಗಿರುವುದು), ಹಿಟ್ಟಿನ ಗಿರಣಿ ಮೋಟಾರ್‌ಗಳೂ ಬರುತ್ತವೆ. ತಂದೆಯವರು ಶುರು ಮಾಡಿದ್ದು, ಈಗ ನಾನೂ ಕೂರುತ್ತೇನೆ. ಮೂರು ಬುಕ್ ಇವೆ: ಬಂದ ಮೋಟಾರ್ ಬರೆಯುವುದು ಒಂದು, ವೈಂಡಿಂಗ್ ಲೆಕ್ಕದ್ದು ಒಂದು, ಬಾಕಿಯದು ಒಂದು. ಬೇಸಿಗೆ ಬಂದರೆ ಯಾವ ಮೋಟಾರ್ ಯಾರದು ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಎಲ್ಲವನ್ನೂ ಮೊಬೈಲ್‌ಗೆ ಹಾಕೋಣ ಎಂದರೆ ತಂದೆಯವರು "ಬುಕ್ಕೇ ಸಾಕು" ಅನ್ನುತ್ತಾರೆ. ಮೇಸ್ತ್ರಿ "ಗ್ರೀಸ್ ಕೈಯಲ್ಲಿ ಫೋನ್ ಮುಟ್ಟಲ್ಲ" ಅನ್ನುತ್ತಾರೆ. ಹಳೇ ಬುಕ್ ಎಲ್ಲ ಟೈಪ್ ಮಾಡಬೇಕಾ? ಯಾವ ಆ್ಯಪ್ ಒಳ್ಳೆಯದು? ಕಂಪ್ಯೂಟರ್‌ಗೆ ಹಾಕಿದರೆ ಜಿಎಸ್‌ಟಿ ನೋಟಿಸ್ ಬರುತ್ತದಾ?

ಉತ್ತರ: ಆ್ಯಪ್ ವಿಷಯ ಕೊನೆಗೆ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಅದು ಇಲ್ಲಿ ತೀರಾ ಚಿಕ್ಕ ವಿಷಯ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಯಾವ ಮೋಟಾರ್ ಯಾರದು" ಅನ್ನುವ ಮಾತು. ಇದು ಬುಕ್ಕಿನ ತೊಂದರೆಯಲ್ಲ ಅಲ್ವಾ? ಬುಕ್ಕಿನಲ್ಲಿ ಹೆಸರು ಇದೆ, ನೆಲದ ಮೇಲೆ ಮೋಟಾರ್ ಇದೆ. ಇವೆರಡನ್ನೂ ಜೋಡಿಸುವ ದಾರ ಇಲ್ಲ. ಬುಕ್ ತೆಗೆದು ಫೋನ್ ಇಟ್ಟರೂ ಆ ದಾರ ತಾನಾಗಿ ಹುಟ್ಟುವುದಿಲ್ಲ. ಆಗ ಫೋನ್ ಹಿಡಿದುಕೊಂಡು ಹುಡುಕುತ್ತೀರಿ, ಅಷ್ಟೇ.

ಸಾಮಾನ್ಯವಾಗಿ ಶಾಪ್‌ಗಳಲ್ಲಿ ಮೋಟಾರ್ ಮೈಮೇಲೆ ಚಾಕ್‌ಪೀಸಿನಲ್ಲಿ ಊರು, ಹೆಸರು ಬರೆಯುತ್ತಾರೆ. ನೀರು ಬಿದ್ದರೆ ಹೋಯಿತು. ಮಾರ್ಕರ್ ಪೆನ್ನಿನಲ್ಲಿ ಬರೆದರೆ ಥಿನ್ನರ್ ಬಟ್ಟೆ ಮುಟ್ಟಿದಾಗ ಹೋಯಿತು. ಈಗ ಕೆಲವರು ಕ್ಯೂಆರ್ ಸ್ಟಿಕ್ಕರ್ ಅಂಟಿಸಲು ಹೇಳುತ್ತಾರೆ. ಕೆಸರು ಹಿಡಿದು ಬಂದ ಸಬ್‌ಮರ್ಸಿಬಲ್ ಮೇಲೆ ಅದು ಸಂಜೆವರೆಗೂ ನಿಲ್ಲುವುದು ಕಷ್ಟ. ಮಾನೋಬ್ಲಾಕ್ ಸ್ಟೇಟರ್ (ತಂತಿ ಸುತ್ತುವ ಹೊರಭಾಗ) ಆದರೆ ವಾರ್ನಿಷ್‌ನಲ್ಲಿ ಅದ್ದಿ ಓವನ್‌ಗೆ ಹೋಗುತ್ತದೆ, ಅಲ್ಲಿ ಕಾಗದಕ್ಕೂ ಪ್ಲಾಸ್ಟಿಕ್‌ಗೂ ಉಳಿಗಾಲವಿಲ್ಲ. ಇನ್ನೊಂದು ಸಮಸ್ಯೆ ಇದೆ. ಮೋಟಾರ್ ಬಿಚ್ಚಿದ ಮೇಲೆ ಅದು ಒಂದು ವಸ್ತುವಾಗಿ ಉಳಿಯುವುದಿಲ್ಲ. ಸ್ಟೇಟರ್ ವೈಂಡಿಂಗ್ ಟೇಬಲ್‌ಗೆ, ತಿರುಗುವ ರೋಟರ್ ಲೇತ್‌ಗೆ, ಥ್ರಸ್ಟ್ ಬೇರಿಂಗ್ ಒಂದು ತಟ್ಟೆಗೆ, ಪಂಪಿನ ಸ್ಟೇಜ್‌ಗಳು ಒಂದು ಬಕೆಟ್‌ಗೆ ಹೋಗುತ್ತವೆ. ಕೇಬಲ್ ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿರುತ್ತದೆ. "ನಮ್ಮ ಒಳಗಿನ ಸಾಮಾನು ಬದಲಾಯಿಸಿದ್ದಾರೆ" ಎಂದು ರೈತರು ಅನುಮಾನ ಪಡುವುದೂ ಇಲ್ಲಿಂದಲೇ.

ಹಾಗಾಗಿ ಮೊದಲ ಖರ್ಚು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಡಿ. ಸೊನ್ನೆಯಿಂದ ಒಂಬತ್ತರವರೆಗಿನ ನಂಬರ್ ಪಂಚ್ ಸೆಟ್ ಒಂದು, ಅಲ್ಯೂಮಿನಿಯಂ ಪಟ್ಟಿ ಸ್ವಲ್ಪ, ಜಿಐ ತಂತಿ ಸ್ವಲ್ಪ. ಪಟ್ಟಿಯನ್ನು ಚಿಕ್ಕದಾಗಿ ಕತ್ತರಿಸಿ, ತೂತು ಹಾಕಿ, ಬಿಡುವಾದಾಗ ನಂಬರ್ ಹೊಡೆದು ಇಟ್ಟುಕೊಳ್ಳಿ. ಒಂದೊಂದು ನಂಬರಿಗೆ ನಾಲ್ಕೈದು ಬಿಲ್ಲೆ ಇರಲಿ. ಮೋಟಾರ್ ಇಳಿಸಿದ ತಕ್ಷಣ ಒಂದು ಕಟ್ಟಿ, ಬಿಚ್ಚಿದಂತೆ ಸ್ಟೇಟರ್, ರೋಟರ್, ಪಂಪ್, ಕೇಬಲ್‌ಗೆ ಒಂದೊಂದು. ಮೋಟಾರ್ ಹೋದ ಮೇಲೆ ಬಿಲ್ಲೆಗಳು ವಾಪಸ್ ಮೊಳೆಗೆ. ನೀರು, ಎಣ್ಣೆ, ಥಿನ್ನರ್, ಓವನ್ ಯಾವುದಕ್ಕೂ ಅದು ಜಗ್ಗುವುದಿಲ್ಲ. ಬಿಲ್ಲೆ ನಂಬರ್ ಮತ್ತೆ ಮತ್ತೆ ಬಳಕೆಯಾಗುವುದರಿಂದ ಅದಕ್ಕೊಂದು ಕಾಲಂ, ಎಂದೂ ಮರುಕಳಿಸದ ಜಾಬ್ ನಂಬರಿಗೆ ಬೇರೆ ಕಾಲಂ ಇರಬೇಕು. ಬಿಲ್ ನಂಬರ್ ಮೂರನೆಯದು. ಅದನ್ನು ಜಾಬ್ ನಂಬರ್ ಜೊತೆ ಬೆರೆಸಬೇಡಿ. ಕೆಲವು ಕೆಲಸ ಬಿಲ್ ಆಗದೆ ವಾಪಸ್ ಹೋಗುತ್ತವೆ, ಜಿಎಸ್‌ಟಿ ಬಿಲ್ ನಂಬರ್ ಮಾತ್ರ ಆ ಹಣಕಾಸು ವರ್ಷದಲ್ಲಿ ಸಾಲಾಗಿ ಬರಬೇಕು.

ಇಷ್ಟಾದರೆ ಒಂದು ವಾರದಲ್ಲಿ ನಿಮ್ಮ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಇನ್ನೂ ಕಂಪ್ಯೂಟರ್ ಮಾತೇ ಬಂದಿಲ್ಲ ನೋಡಿ.

ಈಗ ಶೀಟ್. ಗೂಗಲ್ ಶೀಟ್ಸ್ ಸಾಕು, ದುಡ್ಡು ಕೊಡಬೇಕಿಲ್ಲ. ಬಂದ ಮೋಟಾರಿಗೆ ಒಂದು ಸಾಲು. ಜಾಬ್ ನಂಬರ್, ಬಿಲ್ಲೆ ನಂಬರ್, ಬಂದ ತಾರೀಕು, ಹೆಸರು, ಊರು, ಫೋನ್, ಮೋಟಾರ್ ಕಂಪನಿ ಮತ್ತು ಎಚ್‌ಪಿ, ಜೊತೆಗೆ ಬಂದ ಸಾಮಾನು, ಈಗ ಯಾವ ಹಂತ, ಹೇಳಿದ ರೇಟ್, ಅಡ್ವಾನ್ಸ್, ಕೊಟ್ಟ ತಾರೀಕು. ಇದಕ್ಕಿಂತ ಜಾಸ್ತಿ ಕಾಲಂ ಹಾಕಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ಬೇಸಿಗೆಯಲ್ಲಿ ಟೆಂಪೋ ಬಾಗಿಲಲ್ಲಿ ನಿಂತಿರುವಾಗ ಇಪ್ಪತ್ತು ಕಾಲಂ ಯಾರೂ ತುಂಬುವುದಿಲ್ಲ.

ಹೆಸರು ನಂಬಿ ಹುಡುಕಬೇಡಿ. ನಮ್ಮ ಕಡೆ ಮುನಿಯಪ್ಪ, ನಾರಾಯಣಸ್ವಾಮಿ, ಮಂಜುನಾಥ ಎಷ್ಟು ಜನ! ಒಬ್ಬರೇ ವೆಂಕಟರಮಣಪ್ಪ ಒಂದು ದಿನ ವೆಂಕಟ್ರಮಣಪ್ಪ, ಇನ್ನೊಂದು ದಿನ ವೆಂಕಟರವಣಪ್ಪ ಆಗುತ್ತಾರೆ. ಇಂಗ್ಲಿಷ್‌ನಲ್ಲಿ ಬರೆದರೆ ಇನ್ನೂ ನಾಲ್ಕು ಸ್ಪೆಲ್ಲಿಂಗ್. ಫೋನ್ ನಂಬರ್ ಹುಡುಕುವ ಕೀಲಿಯಾಗಲಿ. ಮೋಟಾರ್ ತಂದವರದ್ದು ಒಂದು, ಜಮೀನಿನವರದ್ದು ಒಂದು, ಎರಡೂ ಬರೆದುಕೊಳ್ಳಿ. ತಂದವರು ಟೆಂಪೋ ಡ್ರೈವರೇ ಆಗಿರಬಹುದು. ಊರಿನ ಹೆಸರು ಟೈಪ್ ಮಾಡುವುದು ಬೇಡ. ಕೈವಾರ, ಮುರುಗಮಲ್ಲ, ಬಟ್ಲಹಳ್ಳಿ ಅಂತ ನಿಮಗೆ ಕೆಲಸ ಬರುವ ಊರುಗಳ ಪಟ್ಟಿ ಮೊದಲೇ ಮಾಡಿ, ಡ್ರಾಪ್‌ಡೌನ್‌ನಿಂದ ಆರಿಸುವಂತೆ ಇಡಿ.

ಕನ್ನಡದಲ್ಲೇ ಬರೆಯಿರಿ, ತೊಂದರೆ ಇಲ್ಲ. ಎಲ್ಲ ಫೋನ್, ಕಂಪ್ಯೂಟರ್ ಓದುವ ಯೂನಿಕೋಡ್‌ನಲ್ಲಿ ಮಾತ್ರ. ಫೋನಿನ ಕನ್ನಡ ಕೀಬೋರ್ಡ್, ವಾಯ್ಸ್ ಟೈಪಿಂಗ್ ಎರಡೂ ಯೂನಿಕೋಡೇ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಪಟ್ಟಿ ಇದ್ದರೆ ಅದನ್ನು ಯೂನಿಕೋಡ್‌ಗೆ ಬದಲಿಸದೆ ಸೇರಿಸಬೇಡಿ, ಹುಡುಕಿದರೆ ಸಿಗುವುದಿಲ್ಲ.

ಹಂತದ ಕಾಲಂ ಬಗ್ಗೆ ಎರಡು ಮಾತು. ಬಂತು, ಬಿಚ್ಚಿದೆ, ರೇಟ್ ಹೇಳಿದೆ, ಒಪ್ಪಿದರು, ಕೆಲಸದಲ್ಲಿದೆ, ಟೆಸ್ಟ್ ಆಯಿತು, ಕೊಟ್ಟಾಯಿತು. ಇಷ್ಟು ಸಾಕು. ಬುಕ್ಕಿನಲ್ಲಿ ಎಂದೂ ಕಾಣದ ಎರಡು ಗುಂಪುಗಳು ಇಲ್ಲಿ ಕಾಣುತ್ತವೆ. ಒಂದು, ರೇಟ್ ಹೇಳಿ ಉತ್ತರ ಬಾರದೆ ಬಿದ್ದಿರುವವು. ಇನ್ನೊಂದು, ರೆಡಿಯಾಗಿ ಒಯ್ಯದೆ ಬಿದ್ದಿರುವವು. ನಿಮ್ಮ ಶಾಪಿನಲ್ಲಿ ಕಾಲಿಡಲು ಜಾಗ ಇಲ್ಲದಿರುವುದಕ್ಕೂ, ತಾಮ್ರ ತಂದ ದುಡ್ಡು ವಾಪಸ್ ಬಾರದಿರುವುದಕ್ಕೂ ಬಹುಪಾಲು ಇವೇ ಕಾರಣ ಇರುತ್ತವೆ.

ವೈಂಡಿಂಗ್ ಲೆಕ್ಕದ ಬುಕ್ಕಿಗೆ ಬರೋಣ. ಮೂರರಲ್ಲಿ ಬೆಲೆಬಾಳುವುದು ಅದೇ. ಕಾಯಿಲ್ ಕೂರುವ ಸ್ಲಾಟ್ ಎಷ್ಟು, ಕಾಯಿಲ್‌ಗೆ ಎಷ್ಟು ಟರ್ನ್ (ಸುತ್ತು), ಯಾವ ಗೇಜ್ (ದಪ್ಪದ) ತಂತಿ, ಪಿಚ್ (ಕಾಯಿಲ್ ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ) ಎಷ್ಟು, ಕನೆಕ್ಷನ್ ಸ್ಟಾರಾ ಡೆಲ್ಟಾನಾ, ಎಷ್ಟು ಕೆಜಿ ಹಿಡಿಯಿತು. ನಿಮ್ಮ ತಂದೆಯವರ ವರ್ಷಗಳ ಅನುಭವ ಅದರಲ್ಲಿದೆ, ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಮಳೆಗೆ ನೆನೆದರೆ, ಇಲಿ ಕಡಿದರೆ ಮುಗಿಯಿತು. ಹಾಗಂತ ಕೂತು ಟೈಪ್ ಮಾಡಬೇಡಿ. ಒಂದು ಭಾನುವಾರ ಬೆಳಕಿನಲ್ಲಿ ಕೂತು ಪ್ರತಿ ಪುಟದ ಫೋಟೊ ತೆಗೆಯಿರಿ. ಪುಟಕ್ಕೆ ನಂಬರ್ ಹಾಕಿ. ಶೀಟಿನಲ್ಲಿ ಕಂಪನಿ, ಎಚ್‌ಪಿ, ಪುಟ ನಂಬರ್ ಮಾತ್ರ ಬರೆದ ಒಂದು ಸೂಚಿ ಮಾಡಿ. ಪೂರ್ತಿ ಲೆಕ್ಕ ಟೈಪ್ ಆಗುವುದು ಅದೇ ಥರದ ಮೋಟಾರ್ ಮತ್ತೆ ಬಂದಾಗ ಮಾತ್ರ. ಎರಡು ಸೀಸನ್ ಕಳೆಯುವುದರೊಳಗೆ ನಿಮಗೆ ನಿಜವಾಗಿ ಬೇಕಾದವು ಶೀಟಿಗೆ ಬಂದಿರುತ್ತವೆ. ಉಳಿದವು ಫೋಟೊದಲ್ಲೇ ಇರಲಿ.

ಇಲ್ಲೊಂದು ಗುಂಡಿ ಇದೆ, ಎಷ್ಟೋ ಜನ ಬೀಳುತ್ತಾರೆ. ಪಿಚ್ 1-10 ಅಂತ ಶೀಟಿನಲ್ಲಿ ಬರೆದರೆ ಅದು ಅಕ್ಟೋಬರ್ 1 ಆಗಿಬಿಡುತ್ತದೆ! 1-12 ಅಂದರೆ ಡಿಸೆಂಬರ್ 1. ಎಕ್ಸೆಲ್‌ನಲ್ಲೂ ಇದೇ ಕಥೆ. ಡ್ಯಾಶ್ ಇರುವ ಅಂಕಿಯನ್ನು ಅದು ತಾರೀಕು ಅಂದುಕೊಳ್ಳುತ್ತದೆ, ನಂತರ ಫಾರ್ಮ್ಯಾಟ್ ಬದಲಿಸಿದರೂ ನೀವು ಬರೆದದ್ದು ಸರಿಯಾಗಿ ವಾಪಸ್ ಬರುವುದಿಲ್ಲ. ಟೈಪ್ ಮಾಡುವ ಮೊದಲೇ ಪಿಚ್, ಗೇಜ್, ಫೋನ್, ಜಾಬ್ ನಂಬರ್ ಕಾಲಂಗಳನ್ನು ಪ್ಲೇನ್ ಟೆಕ್ಸ್ಟ್ ಮಾಡಿಡಿ. ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ದೇಶ) ಇಂಡಿಯಾ ಇದೆಯಾ ನೋಡಿ. ಅಮೆರಿಕ ಇದ್ದರೆ ತಾರೀಕು ಮತ್ತು ತಿಂಗಳು ಅದಲುಬದಲು.

ನನ್ನನ್ನು ಕೇಳಿದರೆ ಡಿಜಿಟಲ್‌ನಿಂದ ವೈಂಡಿಂಗ್ ಶಾಪಿಗೆ ಆಗುವ ದೊಡ್ಡ ಲಾಭ ಶೀಟಿನಿಂದಲ್ಲ, ಕ್ಯಾಮೆರಾದಿಂದ. ನಿಮ್ಮಲ್ಲಿ ಜಗಳ ಯಾವಾಗ ಬರುತ್ತದೆ? ವೈಂಡಿಂಗ್ ಕಟ್ಟಿಕೊಟ್ಟ ಮೋಟಾರ್ ತಿಂಗಳೊಳಗೆ ಸುಟ್ಟು ವಾಪಸ್ ಬಂದಾಗ. ಸಾವಿರ ಅಡಿ ಬೋರ್‌ನಿಂದ ಪೈಪ್ ಎತ್ತಿ ಮತ್ತೆ ಬಿಡುವ ಖರ್ಚೇ ವೈಂಡಿಂಗ್ ಕೂಲಿಗೆ ಸವಾಲು ಹಾಕುವಷ್ಟಿರುತ್ತದೆ. ರೈತರಿಗೆ ಕೋಪ ಬರುವುದು ಸಹಜ. ಅವರು ವೈಂಡಿಂಗ್ ಸರಿಯಿಲ್ಲ ಅನ್ನುತ್ತಾರೆ, ನೀವು ಕರೆಂಟಿನ ಮೂರು ಲೈನ್‌ಗಳಲ್ಲಿ ಒಂದು, ಅಂದರೆ ಒಂದು ಫೇಸ್, ಹೋಗಿ ಸುಟ್ಟಿದೆ ಅನ್ನುತ್ತೀರಿ. ಇಬ್ಬರ ಹತ್ತಿರವೂ ದಾಖಲೆ ಇಲ್ಲ.

ಸುಟ್ಟ ಕಾಯಿಲ್ ತಾನೇ ಸಾಕ್ಷಿ ಹೇಳುತ್ತದೆ, ಮೇಸ್ತ್ರಿಗೆ ಇದು ಗೊತ್ತೇ ಇರುತ್ತದೆ. ಸ್ಟಾರ್ ಕನೆಕ್ಷನ್ ಮೋಟಾರ್ ಒಂದು ಫೇಸ್ ಇಲ್ಲದೆ ಓಡಿದ್ದರೆ ಎರಡು ಫೇಸಿನ ಕಾಯಿಲ್‌ಗಳು ಕಪ್ಪಾಗಿ, ಒಂದು ಫೇಸಿನವು ಚೆನ್ನಾಗಿ ಉಳಿದಿರುತ್ತವೆ. ಡೆಲ್ಟಾ ಆದರೆ ಒಂದು ಫೇಸಿನವು ಸುಟ್ಟು ಎರಡು ಉಳಿಯುತ್ತವೆ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್, ಇಲ್ಲವೇ ವೋಲ್ಟೇಜ್ ಕಡಿಮೆ, ಇಲ್ಲವೇ ಜಾಮ್. ಒಂದೇ ಜಾಗದಲ್ಲಿ ಚುಕ್ಕೆಯಂತೆ ಸುಟ್ಟು ಉಳಿದದ್ದೆಲ್ಲ ಹೊಸದರಂತೆ ಇದ್ದರೆ ಟರ್ನ್‌ಗಳ ನಡುವೆ ಶಾರ್ಟ್. ಆಗ ನಿಮ್ಮ ಕೆಲಸವನ್ನೇ ಅನುಮಾನಿಸಬೇಕು, ಒಪ್ಪಿಕೊಂಡು ಕಟ್ಟಿಕೊಡುವುದು ಮರ್ಯಾದೆ. ಈ ಗುರುತೆಲ್ಲ ಕಾಯಿಲ್ ಕತ್ತರಿಸಿದ ಕ್ಷಣ ಗುಜರಿ ತಾಮ್ರವಾಗಿ ಮೂಟೆ ಸೇರುತ್ತದೆ. ಆದ್ದರಿಂದ ಕತ್ತರಿಸುವ ಮೊದಲು ಫೋಟೊ ಕಡ್ಡಾಯ, ಬಿಲ್ಲೆ ನಂಬರ್ ಫೋಟೊದೊಳಗೆ ಕಾಣುವಂತೆ. ಅದನ್ನು ಆಗಲೇ ರೈತರ ವಾಟ್ಸಾಪ್‌ಗೆ ಕಳಿಸಿ. ತಿಂಗಳಾದ ಮೇಲೆ ತೋರಿಸಿದರೆ ನೆಪ ಅನ್ನಿಸುತ್ತದೆ, ಅಂದೇ ಕಳಿಸಿದರೆ ಮಾಹಿತಿ.

ಕೆಲಸಕ್ಕೆ ಮೂರು ಫೋಟೊ ಸಾಕು. ಬಂದಾಗ, ಕತ್ತರಿಸುವ ಮೊದಲು, ಟೆಸ್ಟ್ ಮಾಡುವಾಗ. ಮೂರನೆಯದರಲ್ಲಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಮುಳ್ಳು ಅಥವಾ ಡಿಸ್‌ಪ್ಲೇ ಕಾಣಬೇಕು, ಮೂರು ಫೇಸಿನ ಆಂಪ್ಸ್ ಪಕ್ಕದ ಬೋರ್ಡಿನಲ್ಲಿ ಬರೆದಿರಬೇಕು. ಹಳೇ ತಾಮ್ರದ ತೂಕವನ್ನೂ ಅವರ ಎದುರೇ ತೂಗಿ ಶೀಟಿನಲ್ಲಿ ಹಾಕಿ. ತಾಮ್ರ ಯಾರಿಗೆ ಸೇರಬೇಕು ಅನ್ನುವುದು ನಿಮ್ಮ ನಿಮ್ಮ ಒಪ್ಪಂದ. ತೂಕ ಬರೆದಿದ್ದರೆ ಮಾತು ಬೆಳೆಯುವುದಿಲ್ಲ.

ಗೂಗಲ್ ಕೊಡುವ ಉಚಿತ ಜಾಗ 15 ಜಿಬಿ. ಜಿಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ ಅಷ್ಟು. ವಿಡಿಯೊ ತೆಗೆಯಲು ಶುರು ಮಾಡಿದರೆ ಬೇಗ ತುಂಬುತ್ತದೆ, ಬೇಡ.

ಮೇಸ್ತ್ರಿ ಹೇಳಿದ್ದು ನೂರಕ್ಕೆ ನೂರು ಸರಿ. ಅವರಿಗೆ ಫೋನ್ ಕೊಡಬೇಡಿ. ದಪ್ಪ ರಟ್ಟಿನ ಜಾಬ್ ಕಾರ್ಡ್ ಮೋಟಾರ್ ಜೊತೆ ತಿರುಗಾಡಲಿ, ಪೆನ್ಸಿಲ್‌ನಲ್ಲಿ ಅವರು ಟರ್ನ್, ಗೇಜ್, ಬದಲಾಯಿಸಿದ ಬುಷ್, ಬೇರಿಂಗ್ ಗುರುತು ಹಾಕಲಿ. ಸಂಜೆ ಶಟರ್ ಎಳೆಯುವ ಮೊದಲು ನೀವೊಬ್ಬರೇ ಕೂತು ಶೀಟಿಗೆ ಹಾಕಿ. ಶೀಟಿನಲ್ಲಿ ಬರೆಯುವ ಕೈ ಒಂದೇ ಇರಬೇಕು, ನೋಡುವ ಕಣ್ಣು ಎಷ್ಟಾದರೂ ಇರಲಿ. ಕಾಗದ ಪೂರ್ತಿ ಹೋಗಬೇಕು ಅಂತ ಯಾರು ಹೇಳಿದರು? ಕರೆಂಟ್, ನೆಟ್‌ವರ್ಕ್ ಇಲ್ಲದ ಹೊತ್ತಿಗೆ ಕಾರ್ಬನ್ ಹಾಕುವ ರಸೀದಿ ಬುಕ್ ಬೇಕೇ ಬೇಕು. ಮೋಟಾರ್ ತಂದವರ ಕೈಗೆ ಒಂದು ಚೀಟಿ ಕೊಟ್ಟರೆ ಅವರಿಗೂ ಧೈರ್ಯ.

ಆದರೆ ಹಳೇ ಬುಕ್ಕು, ಹೊಸ ಶೀಟು ಎರಡನ್ನೂ ಆರು ತಿಂಗಳು ಜೊತೆಗೆ ನಡೆಸೋಣ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಕೆಲಸ ಜಾಸ್ತಿಯಾದ ದಿನ ಎರಡರಲ್ಲಿ ಒಂದು ಬಿಟ್ಟುಹೋಗುತ್ತದೆ, ಬಿಟ್ಟುಹೋಗುವುದು ಯಾವಾಗಲೂ ಹೊಸದೇ. ಒಂದು ತಾರೀಕು ಗೊತ್ತು ಮಾಡಿ. ಅಂದಿನಿಂದ ಬಂದ ಮೋಟಾರ್ ಶೀಟಿಗೆ, ಅದಕ್ಕೆ ಮೊದಲು ಬಂದಿದ್ದು ಬುಕ್ಕಿನಲ್ಲೇ ಮುಗಿಯಲಿ. ಹಳೇ ಜಾಬ್ ಬುಕ್ ಟೈಪ್ ಮಾಡುವುದು ಬೇಡವೇ ಬೇಡ.

ಆ ತಾರೀಕು ಯಾವುದು? ಆಡಿಟರ್ ಕೇಳಿದರೆ ಏಪ್ರಿಲ್ 1 ಅನ್ನುತ್ತಾರೆ. ಅವರಿಗೆ ಅದು ಹೊಸ ವರ್ಷ, ನಿಮಗೆ ಉಸಿರಾಡಲೂ ಬಿಡುವಿಲ್ಲದ ಕಾಲ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಹಿಡಿದು, ಮೋಟಾರ್ ಬರುವುದು ಕಡಿಮೆಯಾದಾಗ ಶುರು ಮಾಡಿ. ಫೆಬ್ರುವರಿ ಹೊತ್ತಿಗೆ ಕೈ ಕೂತಿರುತ್ತದೆ.

ಬಾಕಿ ಬುಕ್ ವಿಷಯದಲ್ಲಿ ನಿಮ್ಮ ತಂದೆಯವರ ಮಾತಿಗೆ ತೂಕ ಇದೆ. ಅದನ್ನು ಗುಜರಿಗೆ ಹಾಕಬೇಡಿ. ಇನ್ನೂ ವಸೂಲಾಗಬೇಕಾದ ಬಾಕಿಗಳನ್ನು ಮಾತ್ರ ಒಂದೊಂದು ಸಾಲಾಗಿ ಶೀಟಿಗೆ ತಂದು, ಬುಕ್ಕಿನ ಪುಟ ನಂಬರ್ ಪಕ್ಕದಲ್ಲಿ ಬರೆಯಿರಿ. ಮೂಲ ಬುಕ್ ಬೀರುವಿನಲ್ಲಿರಲಿ. ಕಾರಣ ಕಾನೂನಿನದು. 1963ರ ಲಿಮಿಟೇಶನ್ ಕಾಯ್ದೆ ಪ್ರಕಾರ ಮಾಡಿಕೊಟ್ಟ ಕೆಲಸದ ಹಣಕ್ಕೆ, ಕೊಡುವ ಗಡುವು ಗೊತ್ತು ಮಾಡಿರದಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ಮುಗಿಯುವ ಮೊದಲು ಸಾಲಗಾರರು ಬಾಕಿ ಒಪ್ಪಿ ಬರೆದು ಸಹಿ ಹಾಕಿದ್ದರೆ ಅಲ್ಲಿಂದ ಹೊಸ ಮೂರು ವರ್ಷ. ಸ್ವಲ್ಪ ದುಡ್ಡು ಕೊಟ್ಟಾಗಲೂ ಅವರ ಬರಹ ಅಥವಾ ಸಹಿ ಇದ್ದರೇ ಆ ಲಾಭ. ಶೀಟಿನಲ್ಲಿ ನೀವೇ ಟೈಪ್ ಮಾಡಿದ ಸಾಲು ಅವರ ಸಹಿಯಾಗುವುದಿಲ್ಲ. ವಾಟ್ಸಾಪ್ ಮಾತುಕತೆ, ಶೀಟು ಕೋರ್ಟಿನಲ್ಲಿ ಸಾಕ್ಷ್ಯವಾಗಬಹುದು, ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಜೊತೆಗಿಡಬೇಕು. ಬಾಕಿಗೆ ಸಹಿ ಬುಕ್ಕಿನಲ್ಲೇ ಹಾಕಿಸಿ, ಲೆಕ್ಕ ಶೀಟಿನಲ್ಲಿ ನೋಡಿ.

ಇದರ ಜೊತೆಗೇ ಇನ್ನೊಂದು. ಕೂಲಿ ಕೊಡದೆ ಮೋಟಾರ್ ಕೇಳಿದರೆ ಇಟ್ಟುಕೊಳ್ಳುವ ಹಕ್ಕು ನಿಮಗಿದೆ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಅದನ್ನು ಕೊಡುತ್ತದೆ. ಆದರೆ ಅದೇ ಮೋಟಾರಿಗೆ ಮಾಡಿದ ಕೆಲಸದ ಹಣಕ್ಕೆ ಮಾತ್ರ. ಹೋದ ವರ್ಷದ ಬಾಕಿಗೆ ಈ ವರ್ಷದ ಮೋಟಾರ್ ಹಿಡಿಯಲು ಅದು ಬರುವುದಿಲ್ಲ. ಒಯ್ಯದೆ ಬಿಟ್ಟ ಮೋಟಾರನ್ನು ಮಾರಿಕೊಳ್ಳುವ ಹಕ್ಕನ್ನೂ ಅದು ಕೊಡುವುದಿಲ್ಲ. ಕಾರ್ಡಿನಲ್ಲಿ ಯಾವ ಮೋಟಾರಿಗೆ ಎಷ್ಟು ಅಂತ ಬೇರೆ ಬೇರೆ ಬರೆದಿರಬೇಕು ಅನ್ನುವುದು ಇದಕ್ಕೇ.

ಜಿಎಸ್‌ಟಿ ಭಯ ಎಲ್ಲಿಂದ ಬಂತು ಅಂತ ಗೊತ್ತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು, ಎಷ್ಟೋ ಅಂಗಡಿಯವರು ಕ್ಯೂಆರ್ ಬೋರ್ಡನ್ನೇ ತೆಗೆದಿಟ್ಟರು. ನಿಮ್ಮ ಜಾಬ್ ಶೀಟ್ ಯಾವ ಇಲಾಖೆಗೂ ತಾನಾಗಿ ಹೋಗುವುದಿಲ್ಲ. ವಹಿವಾಟು ಎಷ್ಟಿದೆಯೋ ಅಷ್ಟೇ, ಬುಕ್ಕಿನಲ್ಲಿ ಬರೆದರೂ ಶೀಟಿನಲ್ಲಿ ಬರೆದರೂ. ನೀವು ರಿಪೇರಿ ಮಾಡುವವರು, ಬರೀ ಸಾಮಾನು ಮಾರುವವರಲ್ಲ. ಹಾಗಾಗಿ 40 ಲಕ್ಷದ ಮಿತಿ ನಿಮಗಲ್ಲ, ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಇದು ಲಾಭದ ಲೆಕ್ಕವಲ್ಲ. ತಾಮ್ರ, ಬೇರಿಂಗ್, ಕೂಲಿ ಎಲ್ಲ ಸೇರಿದ ಒಟ್ಟು ಬಿಲ್. ಬೇಸಿಗೆ ನಾಲ್ಕು ತಿಂಗಳಲ್ಲೇ ಎಷ್ಟಾಗುತ್ತದೆ ಅಂತ ಶೀಟ್ ಮೊದಲೇ ಹೇಳಿದರೆ ಒಳ್ಳೆಯದೇ ಅಲ್ವಾ? ಆಡಿಟರ್ ಹತ್ತಿರ ಸಮಯಕ್ಕೆ ಹೋಗಬಹುದು. ಮನೆಯ ಯುಪಿಐ, ಶಾಪಿನ ಯುಪಿಐ ಬೇರೆ ಖಾತೆಗೆ ಬರಲಿ. ನೆಂಟರು ಕಳಿಸಿದ ಕೈಸಾಲವೂ ವ್ಯಾಪಾರದಂತೆ ಕಾಣುವುದು ಎಲ್ಲ ಒಂದೇ ಖಾತೆಗೆ ಬಂದಾಗ. ನೋಂದಣಿ ಆದ ಮೇಲೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು.

ಇನ್ನು ಆ್ಯಪ್. ವ್ಯಾಪಾರ್, ಖಾತಾಬುಕ್, ಟ್ಯಾಲಿ ಇವೆಲ್ಲ ಮುಖ್ಯವಾಗಿ ಬಿಲ್ಲು ಮತ್ತು ಬಾಕಿಗೆ. ನಿಮ್ಮ ಸ್ಲಾಟ್, ಟರ್ನ್, ಸುಟ್ಟ ಕಾಯಿಲ್ ಫೋಟೊ ಅವುಗಳ ಕೆಲಸವಲ್ಲ. ಒಂದು ಸೀಸನ್ ಶೀಟಿನಲ್ಲಿ ನಡೆಸಿ. ಆಮೇಲೆ ಯಾರಾದರೂ ವರ್ಕ್‌ಶಾಪ್ ಸಾಫ್ಟ್‌ವೇರ್ ಮಾರಲು ಬಂದರೆ ಒಂದೇ ಪ್ರಶ್ನೆ ಕೇಳಿ: ಚಂದಾ ನಿಲ್ಲಿಸಿದ ದಿನ ನನ್ನ ಎಲ್ಲ ಮಾಹಿತಿ ಎಕ್ಸೆಲ್‌ನಲ್ಲಿ ಕೊಡುತ್ತೀರಾ? ಮಾತು ತಿರುಗಿಸಿದರೆ ಚಹಾ ಕೊಟ್ಟು ಕಳಿಸಿ. ಗೂಗಲ್ ಖಾತೆ ಶಾಪಿನ ಹೆಸರಿನಲ್ಲಿ, ಶಾಪಿನ ಫೋನ್ ನಂಬರಿನಲ್ಲಿ ಇರಲಿ, ಸೆಟಪ್ ಮಾಡಿಕೊಟ್ಟ ಹುಡುಗನ ಸ್ವಂತ ಜಿಮೇಲ್‌ನಲ್ಲಿ ಬೇಡ. ತಿಂಗಳಿಗೊಮ್ಮೆ ಶೀಟ್ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ. ಫೋನಿನಲ್ಲಿ ಆಫ್‌ಲೈನ್ ಆನ್ ಮಾಡಿಡಿ.

ಒಂದು ವರ್ಷದ ಶೀಟ್ ಕೈಯಲ್ಲಿದ್ದಾಗ ಊರಿನ ಕಾಲಂ ಮೇಲೆ ಒಮ್ಮೆ ವಿಂಗಡಿಸಿ ನೋಡಿ. ಒಂದೇ ಊರಿನ, ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗಿನ ಮೋಟಾರ್‌ಗಳು ಮತ್ತೆ ಮತ್ತೆ ಎರಡು ಫೇಸ್ ಸುಟ್ಟು ಬರುತ್ತಿದ್ದರೆ ತಪ್ಪು ಬಹುಶಃ ಕರೆಂಟ್ ಲೈನಿನದು, ನಿಮ್ಮದೂ ಅಲ್ಲ, ರೈತರದ್ದೂ ಅಲ್ಲ. ತಾರೀಕು, ಫೋಟೊ ಸಮೇತ ಅವರಿಗೆ ಪ್ರಿಂಟ್ ಕೊಡಿ, ಬೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುವಾಗ ಬಾಯಿಮಾತಿಗಿಂತ ಅದು ನಡೆಯುತ್ತದೆ. ಪ್ಯಾನೆಲ್‌ನಲ್ಲಿ ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇದೆಯಾ, ಬೈಪಾಸ್ ಮಾಡಿದ್ದಾರಾ ಅಂತ ಕೇಳಿ ಬರೆದುಕೊಳ್ಳುವುದನ್ನೂ ಅಭ್ಯಾಸ ಮಾಡಿಕೊಳ್ಳಿ.

ತಂದೆಯವರಿಗೆ ಫೋನ್ ಕಲಿಸಲು ಹೋಗಬೇಡಿ. ವಾರಕ್ಕೊಮ್ಮೆ "ರೆಡಿ ಇದೆ, ಒಯ್ದಿಲ್ಲ" ಅನ್ನುವ ಪಟ್ಟಿಯನ್ನು ಶೀಟಿನಿಂದ ತೆಗೆಯಿರಿ. ಹೆಸರು, ಊರು, ಫೋನ್, ಎಷ್ಟು ದಿನವಾಯಿತು, ಎಷ್ಟು ಬರಬೇಕು, ಕೆಳಗೆ ಒಟ್ಟು ಮೊತ್ತ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಅವರ ಕೈಗೆ ಕೊಡಿ. ಹೌದು, ಕಾಗದದಲ್ಲೇ. ಆ ರೈತರೆಲ್ಲ ಅವರಿಗೆ ಪರಿಚಯ, ಫೋನ್ ಮಾಡಿ ಕೇಳುವ ಸಲಿಗೆ ಅವರಿಗೇ ಇರುವುದು. ಪಕ್ಕದಲ್ಲಿ ಅವರು ಪೆನ್ನಿನಿಂದ "ಸೋಮವಾರ ಬರ್ತಾರಂತೆ" ಅಂತ ಬರೆದದ್ದನ್ನು ನೀವು ಸಂಜೆ ಶೀಟಿಗೆ ಏರಿಸಿ.